ಬಿಟ್ಟಿ ಜಾಲತಾಣದ ಲೆಕ್ಕ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ವಿದ್ಯಾರ್ಥಿಗಳು ಸಾಮಾಜಿಕ ಜಾಲತಾಣಗಳನ್ನು ಬಿಟ್ಟಿಯಾಗಿ ಬಳಸುವರಷ್ಟೆ. ಹಾಗಾದರೆ ಅವುಗಳ ವೆಚ್ಚವನ್ನು ತೆರುವವರಾರು? ಬಹುಮಟ್ಟಿಗೆ ಜಾಹೀರಾತುದಾರರು.

ನಾವು ಕಳುಹಿಸಿದ ಚಿತ್ರಗಳನ್ನು ದೂರದ ಗಣಕಯಂತ್ರಗಳು ಹಗಲಿರುಳು ಕಾಪಾಡಬೇಕು. ಬಳಸುವವರು ಹೆಚ್ಚಿದಂತೆ ಈ ವೆಚ್ಚವೂ ಹೆಚ್ಚುವುದು. ಆದಾಯವಾದರೋ ಜಾಹೀರಾತು ನೋಡುವವರ ಕೊಳ್ಳುವ ಶಕ್ತಿಯನ್ನು ಅವಲಂಬಿಸಿದೆ. 2023ರ ಕೊನೆಯ ಮೂರು ತಿಂಗಳಲ್ಲಿ ಫೇಸ್‌ಬುಕ್ಕಿಗೆ ಅಮೆರಿಕ-ಕೆನಡಾಗಳಲ್ಲಿ ತಲೆಗೆ ಸರಾಸರಿ 68 ಡಾಲರು ದೊರೆತರೆ, ನಮ್ಮನ್ನೊಳಗೊಂಡ ಏಷ್ಯಾ-ಪೆಸಿಫಿಕ್ ವಲಯದಲ್ಲಿ ದೊರೆತುದು ಸುಮಾರು ಐದೂವರೆ ಡಾಲರು ಮಾತ್ರ.

2020ರಲ್ಲಿ ಬೆಂಗಳೂರಿನಲ್ಲಿ, ಮೊದಲು ಕನ್ನಡದಲ್ಲಿಯೇ, ಆರಂಭವಾದ ‘ಕೂ’ ತಾಣವನ್ನು ಒಮ್ಮೆ ದಿನಕ್ಕೆ 21 ಲಕ್ಷ ಜನ ಬಳಸುತ್ತಿದ್ದರು. ಆದರೂ ಹೊಸ ಬಂಡವಾಳವಾಗಲಿ ಪಾಲುದಾರರಾಗಲಿ ದೊರೆಯದೆ 2024ರ ಜುಲೈ ತಿಂಗಳಲ್ಲಿ ಅದು ಮುಚ್ಚಿತು. ಅಲ್ಲಿ ನೆರೆದಿದ್ದ ಕನ್ನಡದ ಕೂಟವೂ ಚೆದುರಿತು. ಜನ ಸೇರಿದ ಮಾತ್ರಕ್ಕೆ ಹಣ ಸೇರದೆಂಬುದನ್ನು ನಾವು ಇದರಿಂದ ತಿಳಿಯಬೇಕು.