ಡ್ಯಾಮ್ಸೆಲ್ ಗಟ್ಟಿ ಮೀನು, ಹಾಗಂತ ಬೇಗ ಬಿಡಬೇಡಿ

"ಇದು ಸಾಯೋ ಮೀನಲ್ಲ, ಧೈರ್ಯವಾಗಿ ತಗೊಂಡು ಹೋಗಿ" ಅಂದ್ರು ಅಂಗಡಿಯವರು. ನಾವು ಮೂವರು ದುಡ್ಡು ಸೇರಿಸಿ, ನಮ್ಮಲ್ಲೊಬ್ಬನ ಮನೆಯಲ್ಲಿ 75 ಲೀಟರಿನ ಉಪ್ಪುನೀರಿನ ಟ್ಯಾಂಕ್ ಇಟ್ಟಿದ್ದೆವು. ಮೂರನೇ ದಿನವೇ ಹಳದಿ ಬಾಲದ ನೀಲಿ ಡ್ಯಾಮ್ಸೆಲ್ ಒಂದನ್ನು ಬಿಟ್ಟೆವು. ಎಂಟನೇ ದಿನ ಅದು ಮೇಲಕ್ಕೆ ಬಂದು ಏದುಸಿರು ಬಿಡ್ತಿತ್ತು. ಹತ್ತನೇ ದಿನ ಸತ್ತುಹೋಯ್ತು.

ಕೊಂದದ್ದು ಅಮೋನಿಯಾ. ಮೀನು ತನ್ನ ಕಿವಿರಿನ ಮೂಲಕ ಅಮೋನಿಯಾ ಹೊರಹಾಕುತ್ತದೆ. ನೀರಿನಲ್ಲಿ ಅದು ಎರಡು ರೂಪದಲ್ಲಿರುತ್ತದೆ: ಅಷ್ಟೇನೂ ತೊಂದರೆ ಕೊಡದ ಅಮೋನಿಯಂ ಅಯಾನ್, ಮತ್ತು ವಿಷವಾದ ಅಮೋನಿಯಾ. ಪಿಎಚ್ ಒಂದು ಅಂಕ ಏರಿದರೆ ವಿಷದ ಪಾಲು ಸುಮಾರು ಹತ್ತು ಪಟ್ಟು ಏರುತ್ತದೆ. ಸಿಹಿನೀರಿನ ಟ್ಯಾಂಕಿನ ಪಿಎಚ್ ಸುಮಾರು 7, ಸಮುದ್ರದ ನೀರಿನದ್ದು 8.2. ಅಂದ್ರೆ ಗೋಲ್ಡ್‌ಫಿಶ್ ಟ್ಯಾಂಕಿನಲ್ಲಿ ನಡೆದುಹೋಗೋ ತಪ್ಪು ಇಲ್ಲಿ ನಡೆಯಲ್ಲ. ಫಸ್ಟ್ ಇಯರ್ ಕೆಮಿಸ್ಟ್ರಿ ಲ್ಯಾಬಿನಲ್ಲಿ ಬಫರ್ ಬಗ್ಗೆ ವೈವಾ ಕೊಟ್ಟವರು ನಾವೇ, ಇದು ಹೊಳೆಯಲೇ ಇಲ್ಲ!

ಈ ಅಮೋನಿಯಾವನ್ನು ತಿನ್ನೋ ಬ್ಯಾಕ್ಟೀರಿಯಾ ಇವೆ. ಒಂದು ಗುಂಪು ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಇವು ಕಲ್ಲು, ಮರಳು, ಫಿಲ್ಟರಿನ ಮೇಲೆ ಬೆಳೆಯೋಕೆ ನಾಲ್ಕರಿಂದ ಆರು ವಾರ ಬೇಕು. ಹಿಂದೆ ತುಂಬಾ ಜನ ಈ ಕೆಲಸಕ್ಕೇ ಡ್ಯಾಮ್ಸೆಲ್ ಬಿಡ್ತಿದ್ರು, ಗಟ್ಟಿ ಮೀನು, ತಡ್ಕೊಳ್ಳುತ್ತೆ ಅಂತ. ತಡ್ಕೊಳ್ಳುತ್ತೆ ನಿಜ, ಆದ್ರೆ ಕಿವಿರು ಸುಟ್ಟುಕೊಂಡು. ನಮ್ಮದು ಅದೂ ಮಾಡಲಿಲ್ಲ.

ಎರಡನೇ ಸಲ ಮೀನಿನ ಬದಲು ಮಾರ್ಕೆಟ್ಟಿನ ಒಂದು ಸಿಗಡಿ ಹಾಕಿ ಕೊಳೆಯೋಕೆ ಬಿಟ್ಟೆವು. ವಾಸನೆಗೆ ಆಂಟಿ ಟ್ಯಾಂಕನ್ನೇ ಬಾಲ್ಕನಿಗೆ ಹಾಕ್ತೀನಿ ಅಂದ್ರು. ಟೆಸ್ಟ್ ಕಿಟ್ಟಿನಲ್ಲಿ ಅಮೋನಿಯಾ ಏರಿ ಇಳಿಯಿತು, ಆಮೇಲೆ ನೈಟ್ರೈಟ್ ಏರಿ ಇಳಿಯಿತು. ಎರಡೂ ಸೊನ್ನೆಗೆ ಬರೋಕೆ ಐದು ವಾರ ಹಿಡಿಯಿತು.

ಉಪ್ಪಿನ ವಿಷಯ. ಅಡುಗೆ ಉಪ್ಪು ಬೇಡ, ಅದರಲ್ಲಿ ಸಮುದ್ರದ ಮೆಗ್ನೀಸಿಯಂ, ಕ್ಯಾಲ್ಸಿಯಂ ಇರಲ್ಲ. ಅಕ್ವೇರಿಯಂ ಸಮುದ್ರ ಉಪ್ಪನ್ನು ಆರ್‌ಓ ನೀರಿಗೆ ಬೆರೆಸಿ ಲೀಟರಿಗೆ 35 ಗ್ರಾಂ ಆಸುಪಾಸಿಗೆ ತರಬೇಕು. ನೀರು ಆವಿಯಾಗುತ್ತೆ, ಉಪ್ಪು ಆಗಲ್ಲ. 75 ಲೀಟರಿನಲ್ಲಿ 4 ಲೀಟರ್ ಆರಿಹೋದ್ರೆ 35 ಇದ್ದದ್ದು 35×75/71, ಅಂದ್ರೆ ಸುಮಾರು 37 ಆಗುತ್ತೆ. ಹಾಗಾಗಿ ಕಡಿಮೆಯಾದಷ್ಟನ್ನು ಬರೀ ಆರ್‌ಓ ನೀರಿನಿಂದಲೇ ತುಂಬಿಸಬೇಕು, ಉಪ್ಪುನೀರಿನಿಂದಲ್ಲ. ಬಿಸಿ 25ರಿಂದ 27 ಡಿಗ್ರಿ ಸಾಕು. ಕರೆಂಟ್ ಹೋದಾಗ ಇರಲಿ ಅಂತ ಬ್ಯಾಟರಿ ಏರ್ ಪಂಪ್ ಒಂದು ಇಟ್ಟುಕೊಳ್ಳಿ.

ಇನ್ನೊಂದು, ಡ್ಯಾಮ್ಸೆಲ್ ಚಿಕ್ಕದಾದ್ರೂ ರೌಡಿ. ತನ್ನ ಮೂಲೆಗೆ ಬಂದ ಯಾರನ್ನೂ ಬಿಡಲ್ಲ. ಬೇರೆ ಮೀನು ಸಾಕೋ ಆಸೆಯಿದ್ರೆ ಇದನ್ನು ಕೊನೆಗೆ ಬಿಡಿ. ಮೂರು ಬಿಳಿ ಚುಕ್ಕೆಯ ಡೊಮಿನೊ ಮರಿ ಅಂಗಡೀಲಿ ಮುದ್ದಾಗಿ ಕಾಣುತ್ತೆ, ಮೋಸ ಹೋಗಬೇಡಿ, ಸಾಕಷ್ಟು ದೊಡ್ಡದಾಗಿ ಬೆಳೆಯುತ್ತೆ. ಹಳದಿ ಬಾಲದ್ದು 7 ಸೆಂಟಿಮೀಟರ್ ಆಸುಪಾಸು, ಜಗಳವೂ ಸ್ವಲ್ಪ ಕಡಿಮೆ.

ಕೊಳ್ಳುವಾಗ ಹವಳದ ದಿಬ್ಬದಿಂದ ಹಿಡಿದದ್ದೋ, ಸಾಕಿ ಮರಿ ಮಾಡಿಸಿದ್ದೋ ಕೇಳಿ. ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಹಲವು ಬಗೆಯ ಡ್ಯಾಮ್ಸೆಲ್‌ಗಳನ್ನು ತೊಟ್ಟಿಯಲ್ಲೇ ಮರಿ ಮಾಡಿಸಿ ತೋರಿಸಿದ್ದಾರೆ.

ನಮ್ಮ ಎರಡನೇ ಮೀನಿಗೆ ಈಗ ಏಳು ತಿಂಗಳು. ಪ್ರತಿ ಭಾನುವಾರ 7 ಲೀಟರ್ ನೀರು ಬದಲಾಯಿಸುತ್ತೇವೆ, ಇಂಟರ್ನಲ್ಸ್ ಇದ್ರೂ. ಕೈ ಹಾಕಿದರೆ ಬಂದು ಬೆರಳು ಕಚ್ಚುತ್ತೆ.