ಮರೆತದ್ದು ಕೊಟ್ಟದ್ದಲ್ಲ: ಅಚೌರ್ಯಾಣುವ್ರತದ ಒಂದು ಪಾಠ



ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ ಪೇಟೆಗಳಲ್ಲಿ ನಾವೆಲ್ಲರೂ ಕೊಳ್ಳುವವರು. ನಮ್ಮಲ್ಲಿ ಕೆಲವರು ಮಾರುವವರೂ ಹೌದು. ಅಂಗಡಿಕಾರನು ತೂಕದಲ್ಲಿ ಕಡಿಮೆ ಮಾಡಿದರೆ ಅದು ಕಳವೆಂದು ನಮಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಅಂಗಡಿಕಾರನೇ ಮರೆತು ಒಂದು ಪದಾರ್ಥದ ಬೆಲೆಯನ್ನು ಲೆಕ್ಕಕ್ಕೆ ಹಿಡಿಯದೆ ಬಿಟ್ಟರೆ? ಚಿಲ್ಲರೆಯನ್ನು ಹೆಚ್ಚಾಗಿ ಕೊಟ್ಟರೆ? ಆಗ ನಮ್ಮ ನಾಲಿಗೆ ಸುಮ್ಮನಾಗುತ್ತದೆ. ‘ನಾನೇನು ಕದ್ದೆನೆ? ಅವನೇ ಕೊಟ್ಟ’ ಎಂದು ಮನಸ್ಸು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತದೆ. ಈ ಸಮಾಧಾನವು ವ್ರತದ ಒರೆಗಲ್ಲಿನ ಮುಂದೆ ನಿಲ್ಲುವುದೇ ಎಂಬುದನ್ನು ವಿಚಾರಿಸೋಣ.

ವ್ರತದ ಲಕ್ಷಣ

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅದತ್ತವಾದುದನ್ನು ಸ್ವೀಕರಿಸುವುದೇ ಚೌರ್ಯವೆಂದು ನಿರೂಪಿಸಿದ್ದಾರೆ. ದತ್ತವೆಂದರೆ ಒಡೆಯನು ತಿಳಿದು, ಮನಸಾರೆ ಕೊಟ್ಟದ್ದು. ಮರೆವಿನಿಂದ ಕೈಜಾರಿ ಬಂದುದರಲ್ಲಿ ಕೊಡುವ ಸಂಕಲ್ಪವೇ ಇಲ್ಲ. ಆದುದರಿಂದ ಅದು ನಮ್ಮ ಚೀಲದಲ್ಲಿದ್ದರೂ ಅದತ್ತವೇ ಸರಿ. ಸಮಂತಭದ್ರಾಚಾರ್ಯರಂತೂ ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತವನ್ನು ಹೇಳುವಾಗ, ಪರರು ಇರಿಸಿದ ಹಾಗೂ ಬೀಳಿಸಿಕೊಂಡ ವಸ್ತುಗಳೊಡನೆ ಮರೆತ ವಸ್ತುವನ್ನೂ ಸೇರಿಸಿದ್ದಾರೆ. ಶ್ರಾವಕನು ಅದನ್ನು ತಾನು ತೆಗೆದುಕೊಳ್ಳಬಾರದು ಎಂಬುದಷ್ಟೇ ಅಲ್ಲ, ಇನ್ನೊಬ್ಬರಿಗೆ ಕೊಡಲೂ ಬಾರದು ಎಂಬುದು ಅವರ ಅಭಿಪ್ರಾಯ. ಈ ಎರಡನೆಯ ಮಾತು ಮುಂದೆ ನಮಗೆ ಬೇಕಾಗುವುದು.

ದೋಷವು ಯಾವಾಗ ಆರಂಭ?

ತಿಳಿಯದೆ ಬಂದುದಕ್ಕೂ ದೋಷವಿದೆಯೇ? ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ, ಪ್ರಮತ್ತಯೋಗವಿದ್ದರೆ ಮಾತ್ರ ಚೌರ್ಯವೆಂದು ವಿವರಿಸಿದ್ದಾರೆ. ಊರ ಬೀದಿಯಲ್ಲಿ, ಹೆಬ್ಬಾಗಿಲಿನಲ್ಲಿ ಅಪ್ಪಣೆ ಕೇಳದೆ ನಡೆದುಹೋಗುವ ಮುನಿಗಳಿಗೆ ಚೌರ್ಯದೋಷವಿಲ್ಲ, ಅಲ್ಲಿ ಪ್ರಮತ್ತಯೋಗವಿಲ್ಲ. ಹಾಗೆಯೇ ಅಂಗಡಿಕಾರನ ತಪ್ಪು ನಮಗೆ ತಿಳಿಯುವವರೆಗೆ ನಾವು ಕಳ್ಳರಲ್ಲ. ತಿಳಿದ ಕ್ಷಣದಿಂದ ಲೆಕ್ಕ ಬದಲಾಗುತ್ತದೆ. ಬಳಿಕ ಸುಮ್ಮನಿರುವುದು ಲೋಭದಿಂದಾಗಲಿ ಆಲಸ್ಯದಿಂದಾಗಲಿ, ಎರಡೂ ಪ್ರಮಾದವೇ. ಇದನ್ನು ನಾನು ಗ್ರಂಥದಲ್ಲಿ ಓದಿದ್ದೆ. ಕಲಿತದ್ದು ಮಾತ್ರ ತಡವಾಗಿ.

ಒಂದು ಅನುಭವ

ಕೆಲವು ವರ್ಷಗಳ ಹಿಂದೆ ದಶಲಕ್ಷಣ ಪರ್ವದ ದ್ವಾದಶಿಯಂದು ಸವಣೂರಿನ ಒಂದು ಅಂಗಡಿಯಲ್ಲಿ ಪಾರಣೆಗೆಂದು ಹೆಸರುಬೇಳೆ, ಬೆಲ್ಲ, ಒಂದು ಡಬ್ಬಿ ತುಪ್ಪ ಕೊಂಡು ಹಾನಗಲ್ಲಿಗೆ ಮರಳಿದೆ. ರಾತ್ರಿ ಮನೆಯವರು ಚೀಟಿ ಓದಿ, ತುಪ್ಪದ ಬೆಲೆ ಹಿಡಿದಿಲ್ಲವೆಂದರು. ‘ವ್ರತ ಮುಗಿಯಲಿ, ಆ ಕಡೆಗೆ ಹೋದಾಗ ಕೊಟ್ಟರಾಯಿತು’ ಎಂದೆ. ಚೀಟಿಯ ಮೇಲೆ ಅಂಗಡಿಯ ಫೋನ್ ಸಂಖ್ಯೆ ಅಚ್ಚಾಗಿತ್ತು. ಅದನ್ನು ನೋಡಿಯೂ ನೋಡದಂತಿದ್ದೆ. ಚತುರ್ದಶಿಯಂದು ಉಪವಾಸ ಮಾಡಿ ಜಪಕ್ಕೆ ಕುಳಿತಾಗ ಮನೆಯವರು ಒಂದೇ ಮಾತು ಕೇಳಿದರು: ‘ಉಪವಾಸ ನಿಮ್ಮದು, ತುಪ್ಪ ಯಾರದು?’

ಹುಣ್ಣಿಮೆಯಂದು ತುಪ್ಪವಿಲ್ಲದೆಯೇ ಪಾರಣೆ ಮುಗಿಸಿ ಸವಣೂರಿಗೆ ಹೋದೆ. ಮಾಲೀಕರು ದ್ವಾದಶಿಯ ರಾತ್ರಿಯೇ ಡಬ್ಬಿಗಳನ್ನು ಎಣಿಸಿ, ಒಂದು ಕಡಿಮೆಯಾದುದನ್ನು ಕಂಡು, ಚೀಟಿ ಬರೆಯುವ ಹುಡುಗನ ಸಂಬಳದಲ್ಲಿ ಮುರಿದುಕೊಳ್ಳುವುದಾಗಿ ಹೇಳಿದ್ದರು. ಹಣ ಕೊಟ್ಟೆ, ಕ್ಷಮೆ ಬೇಡಿದೆ. ಹಣ ಮರಳಿತು. ಆದರೆ ಆ ಹುಡುಗನು ಮೂರು ದಿನ ಅನುಮಾನದ ಕೆಳಗೆ ನಿಂತಿದ್ದನಲ್ಲ, ಆ ಮೂರು ದಿನಗಳನ್ನು ನಾನು ಹೇಗೆ ಮರಳಿಸಲಿ? ಸಮಂತಭದ್ರರು ಈ ವ್ರತಕ್ಕೆ ವಾರಿಷೇಣನನ್ನು ಆದರ್ಶವಾಗಿ ಹೆಸರಿಸಿದ್ದಾರೆ. ಕಳ್ಳನು ಎಸೆದುಹೋದ ಹಾರದಿಂದ ನಿರಪರಾಧಿಯಾದ ಆ ರಾಜಕುಮಾರನ ಮೇಲೆ ಅಪವಾದ ಬಂದಿತು. ದೇವತೆಗಳು ಅವನನ್ನು ಕಾಪಾಡಿದರೆಂದು ಪುರಾಣ ಹೇಳುತ್ತದೆ. ಅಂಗಡಿಯ ಹುಡುಗನನ್ನು ಕಾಪಾಡಬೇಕಾದವನು ಗಿರಾಕಿಯೇ.

ಮೂರು ಆಕ್ಷೇಪಗಳು

‘ಅಂಗಡಿ ದೊಡ್ಡದು, ಮೊತ್ತ ಚಿಕ್ಕದು’ ಎನ್ನುವವರಿದ್ದಾರೆ. ವ್ರತವು ವಸ್ತುವಿನ ಬೆಲೆಯನ್ನು ಅಳೆಯುವುದಿಲ್ಲ, ಭಾವವನ್ನು ಅಳೆಯುತ್ತದೆ. ಅಲ್ಲದೆ ಕೊರತೆಯನ್ನು ತುಂಬುವವನು ಯಾವಾಗಲೂ ದೊಡ್ಡವನೇ ಆಗಿರುವುದಿಲ್ಲ.

‘ಅವನು ಹಿಂದೆ ನನಗೆ ಮೋಸ ಮಾಡಿದ್ದ’ ಎನ್ನುವರು. ಹೀನಾಧಿಕಮಾನೋನ್ಮಾನ, ಎಂದರೆ ಅಳತೆ ತೂಕಗಳಲ್ಲಿ ಹೆಚ್ಚುಕಡಿಮೆ ಮಾಡುವುದು, ಈ ವ್ರತದ ಐದು ಅತಿಚಾರಗಳಲ್ಲಿ ಒಂದು. ಅದು ಅವನ ದೋಷ. ಅದು ನಮಗೆ ಹಕ್ಕಾಗದು. ಬಾಕಿಯಿದ್ದರೆ ಎದುರಿಗೇ ಕೇಳತಕ್ಕದ್ದು.

‘ಆ ಹಣವನ್ನು ಬಸದಿಯ ಹುಂಡಿಗೆ ಹಾಕುತ್ತೇನೆ’ ಎನ್ನುವರು ಮತ್ತೆ ಕೆಲವರು. ಸಮಂತಭದ್ರರ ಎರಡನೆಯ ಮಾತು ಇಲ್ಲಿ ಅನ್ವಯಿಸುವುದು. ಪರರ ಸ್ವತ್ತನ್ನು ದಾನ ಮಾಡಲು ನಾವು ಯಾರು? ಅದು ದಾನವಲ್ಲ, ಪರಸ್ವವನ್ನು ಎರಡು ಸಲ ಮುಟ್ಟಿದಂತೆ.

ಲೌಕಿಕ ನ್ಯಾಯವೂ ಇದನ್ನೇ ಹೇಳುತ್ತದೆ. ೧೮೭೨ರ ಭಾರತೀಯ ಕರಾರು ಕಾಯಿದೆಯ ೭೨ನೆಯ ಕಲಮಿನಂತೆ ತಪ್ಪಿನಿಂದ ಬಂದ ಹಣವನ್ನಾಗಲಿ ವಸ್ತುವನ್ನಾಗಲಿ ಪಡೆದವನು ಹಿಂದಿರುಗಿಸಬೇಕು. ೧೯೩೦ರ ಸರಕು ಮಾರಾಟ ಕಾಯಿದೆಯ ೩೭ನೆಯ ಕಲಮಿನಂತೆ, ಕರಾರಿಗಿಂತ ಹೆಚ್ಚು ಬಂದ ಸರಕನ್ನು ಇಟ್ಟುಕೊಂಡವನು ಅದಕ್ಕೂ ಅದೇ ದರದಲ್ಲಿ ಬೆಲೆ ತೆರಬೇಕು. ಬೀಜದ ಚೀಲ ಒಂದು ಹೆಚ್ಚಾಗಿ ಗಾಡಿ ಏರಿದ ರೈತಬಂಧುವೂ ಇದನ್ನು ನೆನಪಿಡತಕ್ಕದ್ದು.

ಆಚರಣೆಯ ಕ್ರಮ

೧. ಅಂಗಡಿಯ ಕಟ್ಟೆ ಇಳಿಯುವ ಮೊದಲೇ ಚೀಟಿ ಹಾಗೂ ಚಿಲ್ಲರೆಯನ್ನು ನೋಡಿಕೊಳ್ಳಿರಿ. ನಮಗೆ ನಷ್ಟವಾಗಿದೆಯೇ ಎಂದು ನೋಡುವ ಕಣ್ಣೇ ಅವರಿಗೆ ನಷ್ಟವಾಗಿದೆಯೇ ಎಂದೂ ನೋಡಲಿ.

೨. ಮನೆಗೆ ಬಂದ ಮೇಲೆ ತಿಳಿದರೆ ಅಂದೇ ಸುದ್ದಿ ಮುಟ್ಟಿಸಿರಿ. ಹಣ ನಾಳೆ ಹೋದರೂ ಸುದ್ದಿ ಇಂದೇ ಹೋಗಲಿ.

೩. ಫೋನಿನಿಂದ ಕಳಿಸಿದ ಹಣ ಮುಟ್ಟದೆ ನಮ್ಮ ಖಾತೆಗೇ ಮರಳಿದಲ್ಲಿ, ಪದಾರ್ಥವು ಮನೆಗೆ ಬಂದಿದ್ದರೆ, ಆ ಸಾಲ ಇನ್ನೂ ತೀರಿಲ್ಲವೆಂದು ತಿಳಿಯಿರಿ.

೪. ‘ಇರಲಿ ಬಿಡಿರಿ’ ಎಂದು ಒಡೆಯನು ತಿಳಿದು ಹೇಳಿದರೆ ಅದು ದತ್ತವಾಯಿತು, ಸ್ವೀಕರಿಸಬಹುದು. ನೌಕರನು ಹೇಳಿದರೆ ಆಗದು. ಆ ವಸ್ತು ಅವನದಲ್ಲ.

೫. ಸಂತೆಯ ವ್ಯಾಪಾರಿಯಾಗಿದ್ದರೆ ಹಣವನ್ನು ಬೇರೆ ಕಟ್ಟಿಟ್ಟು ಮುಂದಿನ ಸಂತೆಗಳಲ್ಲಿ ಹುಡುಕಿರಿ. ಎಷ್ಟು ಹುಡುಕಿದರೂ ಸಿಗದಿದ್ದರೆ ಗುರುಗಳ ಸನ್ನಿಧಿಯಲ್ಲಿ ಆಲೋಚನೆ ಮಾಡಿ, ಅವರ ಆಜ್ಞೆಯಂತೆ ನಡೆಯಿರಿ.

ಉಪವಾಸದಿಂದ ದೇಹ ಕೃಶವಾಗಬಹುದು. ಅದರಿಂದಲೇ ಲೋಭವು ಕೃಶವಾಯಿತೆಂದು ತಿಳಿಯಬಾರದು. ಮುಂದಿನ ಅಷ್ಟಮಿ ಅಥವಾ ಚತುರ್ದಶಿಯಂದು ಪ್ರತಿಕ್ರಮಣಕ್ಕೆ ಕುಳಿತಾಗ ಒಂದು ಪ್ರಶ್ನೆಯನ್ನು ಸೇರಿಸಿಕೊಳ್ಳೋಣ: ಅವರು ಮರೆತದ್ದು, ನಾನು ಬಲ್ಲದ್ದು, ಇನ್ನೂ ನನ್ನ ಮನೆಯಲ್ಲಿ ಏನಿದೆ? ಉತ್ತರ ದೊರೆತರೆ ಮರುದಿನ ಪಾರಣೆಗೆ ಮೊದಲೇ ಆ ಸುದ್ದಿ ಒಡೆಯನಿಗೆ ಮುಟ್ಟಲಿ.