ಕಹಿ ಕಿತ್ತಳೆಯ ಪರಿಮಳ

ಕಿತ್ತಳೆಯೆಂದೊಡನೆ ನಮ್ಮ ನೆನಪಿಗೆ ಬರುವುದು ಕೊಡಗಿನ ಸಿಹಿಯಾದ ಹಣ್ಣು. ಅದರ ಬಂಧುವಾದ ಕಹಿ ಕಿತ್ತಳೆಯನ್ನು ಸುಲಿದು ತಿನ್ನುವವರು ವಿರಳ. ಅದರ ರಸ ಬಲು ಹುಳಿ, ಸಿಪ್ಪೆ ಕಹಿ. ಸ್ಪೇನ್ ದೇಶದ ಸೆವಿಲ್ ನಗರದ ಬೀದಿಗಳಲ್ಲಿ ಸಾಲುಮರಗಳಾಗಿ ನಿಂತಿರುವುದು ಈ ಜಾತಿಯ ಮರವೇ. ನಾಲಗೆಗೆ ಒಗ್ಗದ ಈ ಮರ ಮೂಗಿಗೆ ಮಾತ್ರ ಉದಾರಿ. ಅದರ ಸಿಪ್ಪೆ, ಎಲೆ, ಹೂಗಳಿಂದ ಮೂರು ಬೇರೆ ಬೇರೆ ಸುಗಂಧತೈಲಗಳು ದೊರೆಯುತ್ತವೆ. ಈ ಮೂರನ್ನೂ ಮದ್ಯಸಾರದಲ್ಲಿ ಬೆರೆಸಿ ಮೂಸಿದರೆ ನಮ್ಮ ಅನುಭವಕ್ಕೆ ಬರುವುದು ಒಂದೇ ವಾಸನೆಯಲ್ಲ, ಒಂದರ ಹಿಂದೊಂದು ಬರುವ ವಾಸನೆಗಳ ಸಾಲು. ಇದಕ್ಕೆ ಕಾರಣವೇನು?

ಮೊದಲು ತೈಲಗಳ ವಿಚಾರವನ್ನು ನೋಡೋಣ. ಸಿಪ್ಪೆಯ ಮೇಲ್ಪದರದಲ್ಲಿ ಸಣ್ಣ ತೈಲಚೀಲಗಳಿವೆ. ಒತ್ತಿದರೆ ಅವು ಒಡೆದು ಎಣ್ಣೆ ಹೊರಬರುವುದು. ಅದರಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಪಾಲು ಲಿಮೋನೀನ್ ಎಂಬ ವಸ್ತು. ಯಾವುದೇ ಕಿತ್ತಳೆಯ ಸಿಪ್ಪೆಯನ್ನು ಮೇಣದ ಬತ್ತಿಯ ಉರಿಯ ಕಡೆಗೆ ಎಚ್ಚರದಿಂದ ಹಿಂಡಿದರೆ ತುಂತುರು ಕಿಡಿಗಳಾಗಿ ಹೊತ್ತಿಕೊಳ್ಳುವುದು ಈ ಎಣ್ಣೆಯಿಂದಲೇ.

ಎಲೆ ಮತ್ತು ಹೂಗಳಿಂದ ಎಣ್ಣೆಯನ್ನು ಹಬೆಯ ನೆರವಿನಿಂದ ಬಟ್ಟಿ ಇಳಿಸಬೇಕು. ನೀರೂ ಎಣ್ಣೆಯೂ ಬೆರೆಯುವುದಿಲ್ಲವಾದುದರಿಂದ ಎರಡರ ಆವಿಯ ಒತ್ತಡಗಳೂ ಕೂಡಿಕೊಂಡು, 100 ಡಿಗ್ರಿ ಸೆಂಟಿಗ್ರೇಡಿಗಿಂತ ಕಡಿಮೆ ಉಷ್ಣತೆಯಲ್ಲಿಯೇ ವಾಯುಮಂಡಲದ ಒತ್ತಡಕ್ಕೆ ಸಮನಾಗುತ್ತವೆ. ಹೀಗಾಗಿ ತೈಲವು ಸೀದುಹೋಗದೆ ಹಬೆಯೊಡನೆ ಮೇಲೇರಿ, ತಣಿದ ಬಳಿಕ ನೀರಿನ ಮೇಲೆ ತೇಲುವುದು. ಎಲೆ ಮತ್ತು ಎಳೆಯ ರೆಂಬೆಗಳ ತೈಲಕ್ಕೆ ಪೆಟಿಗ್ರೇನ್ ಎಂದೂ, ಹೂವಿನ ತೈಲಕ್ಕೆ ನೆರೋಲಿ ಎಂದೂ ಹೆಸರು. ಟ್ಯುನೀಸಿಯಾ ದೇಶದ ನಾಬುಲ್ ಪ್ರದೇಶದಲ್ಲಿ ವಸಂತಕಾಲದಲ್ಲಿ ಈ ಹೂಗಳನ್ನು ಕೈಯಿಂದಲೇ ಬಿಡಿಸುತ್ತಾರೆ. ಒಂದು ಕಿಲೋಗ್ರಾಮ್ ನೆರೋಲಿಗೆ ಸುಮಾರು 1,000 ಕಿಲೋಗ್ರಾಮ್ ಹೂ ಬೇಕಾಗುವುದು!

ಇನ್ನು ವಾಸನೆಗಳ ಸಾಲಿನ ವಿಚಾರ. ಒಂದು ವಸ್ತುವಿನ ಅಣುಗಳು ಗಾಳಿಗೆ ಹಾರಿ ಮೂಗನ್ನು ಸೇರಿದಾಗ ಮಾತ್ರ ನಮಗೆ ಅದರ ವಾಸನೆ ತಿಳಿಯುವುದು. ಎಲ್ಲ ಅಣುಗಳೂ ಒಂದೇ ವೇಗದಲ್ಲಿ ಹಾರುವುದಿಲ್ಲ. ಮದ್ಯಸಾರದ ಕುದಿಯುವ ಬಿಂದು 78 ಡಿಗ್ರಿ. ಅದು ಮೊದಲು ಹೊರಡುತ್ತದೆ. ಅನಂತರ ಸುಮಾರು 176 ಡಿಗ್ರಿಯ ಲಿಮೋನೀನ್. ಆಗ ಸಿಪ್ಪೆಯ ಚುರುಕಾದ ವಾಸನೆ. ಎಲೆಯಲ್ಲಿಯೂ ಹೂವಿನಲ್ಲಿಯೂ ಇರುವ ಲಿನಲೂಲ್ ಕುದಿಯುವುದು ಸುಮಾರು 198 ಡಿಗ್ರಿಯಲ್ಲಿ. ಹೂವಿಗೆ ಅದರ ಗಾಢವಾದ ಕಂಪನ್ನು ಕೊಡುವ ಇಂಡೋಲ್ 254 ಡಿಗ್ರಿಯದು. ಅತ್ಯಲ್ಪ ಪ್ರಮಾಣದಲ್ಲಿದ್ದರೂ ಕೊನೆಯವರೆಗೆ ಉಳಿಯುವ ವಸ್ತುಗಳಲ್ಲಿ ಅದೂ ಒಂದು. ಕುದಿಯುವ ಬಿಂದುವೊಂದೇ ಎಲ್ಲವನ್ನೂ ನಿರ್ಧರಿಸುವುದಿಲ್ಲವಾದರೂ ಸ್ಥೂಲವಾಗಿ ಕ್ರಮ ಇದೇ.

ಮೂಗಿನ ಮೇಲ್ಭಾಗದಲ್ಲಿ ಸುಮಾರು 400 ಬಗೆಯ ಗ್ರಾಹಕಗಳಿವೆ. ಒಂದೊಂದು ಅಣುವೂ ಅವುಗಳಲ್ಲಿ ಕೆಲವನ್ನು ಒಟ್ಟಿಗೆ ಪ್ರಚೋದಿಸುತ್ತದೆ. ಆ ಕೂಟವನ್ನು ಮಿದುಳು ಒಂದು ವಾಸನೆಯೆಂದು ಗುರುತಿಸುತ್ತದೆ. ಇದನ್ನು ಬಿಡಿಸಿ ತೋರಿಸಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಒಂದೇ ವಾಸನೆಯನ್ನು ಬಿಡದೆ ಮೂಸುತ್ತಿದ್ದರೆ ಈ ವ್ಯವಸ್ಥೆ ಅದಕ್ಕೆ ಒಗ್ಗಿಹೋಗಿ ಮೌನವಾಗುವುದು.

ಆದುದರಿಂದ ಸುಗಂಧವನ್ನು ಪರೀಕ್ಷಿಸುವುದಕ್ಕೂ ಒಂದು ವಿಧಾನವಿದೆ. ನಮ್ಮ ಜನ ಯುಡಿಕೋಲನ್ ಎಂದು ಕರೆಯುವ ದ್ರವವು ಕಿತ್ತಳೆ, ನಿಂಬೆಗಳ ಜಾತಿಯ ತೈಲಗಳಿಂದಲೇ ಹೆಸರಾದುದು. ಅದರ ಒಂದು ತೊಟ್ಟನ್ನು ಕಾಗದದ ಪಟ್ಟಿಯ ಮೇಲೆ ಹಾಕಿ, ಒಂದು ನಿಮಿಷ, ಹದಿನೈದು ನಿಮಿಷ, ಎರಡು ಗಂಟೆ ಕಳೆದ ಮೇಲೆ ಮೂಸಿ, ಪ್ರತಿ ಸಲವೂ ತೋರಿದುದನ್ನು ಬರೆದಿಡೋಣ. ನಡುವೆ ಮೂಗಿಗೆ ಶುದ್ಧವಾದ ಗಾಳಿಯ ವಿಶ್ರಾಂತಿ ದೊರೆಯಲಿ. ಅಂಗಡಿಯಲ್ಲಿ ಸೀಸೆಯನ್ನು ತೆರೆದೊಡನೆ ಮೂಸಿ ತೀರ್ಪು ಕೊಡುವವನು ಮದ್ಯಸಾರವನ್ನೂ ಸಿಪ್ಪೆಯನ್ನೂ ಮಾತ್ರ ಬಲ್ಲ. ರಾಶಿ ಹೂಗಳಿಂದ ಇಳಿಸಿದ ಕಂಪು ಕಾದವನಿಗೆ ಮಾತ್ರ ದಕ್ಕುವುದು.